ಹಳೇ ಮೇಪಲ್ ಸಿರಪ್ ಪ್ಯಾನ್ ಸೋರ್ತಿದ್ರೆ ರಿಪೇರಿ ಮಾಡೋದು ಹೇಗೆ

ಸೆಕೆಂಡ್ ಹ್ಯಾಂಡ್ ಎವಾಪೊರೇಟರ್ ಪ್ಯಾನ್ (ಮೇಪಲ್ ಮರದ ರಸ ಕುದಿಸಿ ಸಿರಪ್ ಮಾಡೋ ಅಗಲವಾದ ತಗಡಿನ ಪಾತ್ರೆ) ತಗೊಂಡವರಲ್ಲಿ ಮುಕ್ಕಾಲು ಜನ ಮಾಡೋ ತಪ್ಪು ಒಂದೇ, ಬೇಸಿಗೆಲಿ ತಂದು ಶೆಡ್ಡಲ್ಲಿ ಇಡ್ತಾರೆ, ಫೆಬ್ರವರಿಲಿ ಮೇಪಲ್ ಮರದಿಂದ ಸ್ಯಾಪ್, ಅಂದ್ರೆ ಆ ರಸ, ಇಳಿಯೋಕೆ ಶುರುವಾದ ದಿನ ಮೊದಲ ಸಲ ತುಂಬಿಸ್ತಾರೆ, ಆಗ ಗೊತ್ತಾಗತ್ತೆ ಸೋರ್ತಿದೆ ಅಂತ. ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್, ಮೇನ್ ಕಡೆ ಸೀಸನ್ ಅಂದ್ರೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗೋ ಆ ಕೆಲವೇ ವಾರಗಳು, ಅದರಲ್ಲಿ ಒಂದು ಒಳ್ಳೇ ವಾರ ರಿಪೇರಿಗೇ ಹೋದ್ರೆ ಹೊಟ್ಟೆ ಉರಿಯತ್ತೆ. ಹಾಗಾಗಿ ಇದನ್ನ ಅಕ್ಟೋಬರಲ್ಲಿ ಓದಿ, ಅಕ್ಟೋಬರಲ್ಲೇ ಮಾಡಿ.

ಹೊಸಬರಿಗೆ ಎರಡು ಮಾತು. ಸ್ಯಾಪಲ್ಲಿ ಸಕ್ಕರೆ ಸುಮಾರು 2 ಪರ್ಸೆಂಟ್ ಅಷ್ಟೇ, ಒಂದು ಗ್ಯಾಲನ್ ಸಿರಪ್‌ಗೆ 40 ಗ್ಯಾಲನ್ ಮೇಲೆ ಸ್ಯಾಪ್ ಕುದಿಸ್ಬೇಕು. (86ನ್ನ ಸ್ಯಾಪಿನ ಸಕ್ಕರೆ ಪರ್ಸೆಂಟಿಂದ ಭಾಗಿಸಿದ್ರೆ ಬರೋ ಲೆಕ್ಕ ಇದು, 2 ಪರ್ಸೆಂಟ್ ಇದ್ರೆ 43.) ಅದಕ್ಕೇ ಆಳ ಕಮ್ಮಿ ಅಗಲ ಜಾಸ್ತಿ ಇರೋ ಪ್ಯಾನ್. ಹಿಂದುಗಡೆ ಫ್ಲೂ ಪ್ಯಾನ್, ಅಂದ್ರೆ ತಳ ಮಡಿಕೆ ಮಡಿಕೆಯಾಗಿ ಇರತ್ತೆ, ಬೆಂಕಿಗೆ ಸಿಗೋ ಜಾಗ ಹೆಚ್ಚಾಗ್ಲಿ ಅಂತ. ಮುಂದೆ ಸಿರಪ್ ಪ್ಯಾನ್, ಚಪ್ಪಟೆ ತಳ, ನಡುವೆ ಅಡ್ಡಗೋಡೆಗಳು. ಕೆಳಗೆ ಸೌದೆ ಒಲೆ, ಅದಕ್ಕೆ ಆರ್ಚ್ ಅಂತಾರೆ. ಪ್ಯಾನಲ್ಲಿ ನಿಂತಿರೋದು ಒಂದೆರಡು ಇಂಚು ದ್ರವ, ಕೆಳಗೆ ಧಗಧಗ ಬೆಂಕಿ. ಲೀಕ್ ಆಗಿ ಮಟ್ಟ ಇಳಿದ್ರೆ ಸಿರಪ್ ಸೀದು ಹೋಗತ್ತೆ, ಇನ್ನೂ ಇಳಿದ್ರೆ ಬೆಸುಗೆನೇ ಕರಗಿ ಪ್ಯಾನ್ ಬಿಚ್ಕೊಳತ್ತೆ. ಸಣ್ಣ ಲೀಕ್ ಅಂತ ಬಿಡೋ ಹಾಗಿಲ್ಲ ಅನ್ನೋದು ಅದಕ್ಕೇ.

ತೂತು ಎಲ್ಲಿದೆ ಅಂತ ಹುಡುಕೋ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಅದನ್ನ ಯಾರೂ ಮೊದಲು ಕೇಳಲ್ಲ: ಈ ಪ್ಯಾನನ್ನ ಯಾವುದರಿಂದ ಬೆಸೆದಿದ್ದಾರೆ? 1990ರ ದಶಕದ ಮಧ್ಯದವರೆಗೂ ಸ್ಟೇನ್‌ಲೆಸ್ ಪ್ಯಾನ್‌ಗಳಿಗೂ ಸೀಸ ಇರೋ ಸೋಲ್ಡರ್ (ಕರಗಿಸಿ ಬೆಸೆಯೋ ಲೋಹ) ಹಾಕ್ತಿದ್ರು. ಅಮೆರಿಕದಲ್ಲಿ ಕುಡಿಯೋ ನೀರಿನ ಪೈಪಿಗೆ ಸೀಸದ ಸೋಲ್ಡರ್ ಬೇಡ ಅಂತ ಕಾನೂನು ಬಂದಿದ್ದು 1986ರಲ್ಲಿ, ಆದ್ರೆ ಮೇಪಲ್ ಪ್ಯಾನ್‌ಗಳಲ್ಲಿ ಅದು ಆಮೇಲೂ ಕೆಲವು ವರ್ಷ ನಡೀತು. ಹಳೇ ಟಿನ್ ಪ್ಯಾನ್, ಗ್ಯಾಲ್ವನೈಸ್ಡ್ ಪ್ಯಾನ್, ಟರ್ನ್ ಪ್ಲೇಟ್ ಪ್ಯಾನ್ ಅಂತೂ ಬೇರೇನೇ ಕಥೆ. ಟರ್ನ್ ಪ್ಲೇಟ್ ಅಂದ್ರೆ ಸೀಸ-ತವರ ಲೇಪಿಸಿದ ಉಕ್ಕಿನ ತಗಡು, ಲೇಪನದಲ್ಲೇ ಸೀಸ ಇದೆ, ಹಳೇ ಗ್ಯಾಲ್ವನೈಸಿಂಗಲ್ಲೂ ಇರತ್ತೆ. ಸ್ಯಾಪ್ ಗಂಟೆಗಟ್ಟಲೆ ಕುದ್ದು 40 ಪಟ್ಟು ಗಟ್ಟಿಯಾಗೋವಾಗ ಅದರೊಳಗೆ ಸೇರಿದ್ದೂ ಗಟ್ಟಿಯಾಗತ್ತೆ, ರಾತ್ರಿಯಿಡೀ ಪ್ಯಾನಲ್ಲೇ ಬಿಟ್ಟ ಸಿರಪ್‌ಗಂತೂ ಇನ್ನೂ ಜಾಸ್ತಿ ಸೇರತ್ತೆ. ಮಕ್ಕಳಿಗೆ ಸೀಸ ಇಷ್ಟು ಪರವಾಗಿಲ್ಲ ಅನ್ನೋ ಮಟ್ಟ ಅಂತ ಒಂದಿಲ್ಲ.

ಕಂಡುಹಿಡಿಯೋದು ಹೇಗೆ? ಜಾಯಿಂಟನ್ನ ಚಾಕುಲಿ ಕೆರೆದು ನೋಡಿ. ಸೀಸದ ಸೋಲ್ಡರ್ ಮೆತ್ತಗೆ ಕೆರೆಯತ್ತೆ, ಕೆರೆದ ಜಾಗ ಹೊಳೆದು ಆಮೇಲೆ ಮಂಕಾಗತ್ತೆ, ಬಿಳಿ ಕಾಗದಕ್ಕೆ ಉಜ್ಜಿದ್ರೆ ಪೆನ್ಸಿಲ್ ಗೀಟಿನ ಥರ ಬೂದು ಗುರುತು ಬೀಳತ್ತೆ. ತವರ-ಬೆಳ್ಳಿ ಸೋಲ್ಡರ್ ಗಟ್ಟಿ, ಹೊಳಪು ಉಳಿಸ್ಕೊಳತ್ತೆ. ಆದ್ರೆ ಕಣ್ಣನ್ನೇ ನಂಬ್ಬೇಡಿ, ಲೆಡ್ ಟೆಸ್ಟ್ ಸ್ವ್ಯಾಬ್ ತಗೊಂಡು ಹೊಸದಾಗಿ ಕೆರೆದ ಜಾಗಕ್ಕೆ ಉಜ್ಜಿ. ಸ್ವ್ಯಾಬ್ ಸೀಸ ಇಲ್ಲ ಅಂತ ತೋರಿಸಿದ್ರೂ ಅದೇ ಕೊನೆ ಮಾತಲ್ಲ, ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇಯಿಂದ ಲೋಹ ಯಾವುದು ಅಂತ ಹೇಳೋ ಯಂತ್ರ) ಇರೋ ಗುಜರಿಯವರ ಹತ್ರ ತೋರಿಸಿದ್ರೆ ನಿಮಿಷದಲ್ಲಿ ಗೊತ್ತಾಗತ್ತೆ. ಎಲ್ಲಾ ಜಾಯಿಂಟಲ್ಲೂ ಸೀಸ ಇದ್ರೆ ನನ್ನ ಅಭಿಪ್ರಾಯ ಸ್ಪಷ್ಟ, ಅದನ್ನ ರಿಪೇರಿ ಮಾಡ್ಬೇಡಿ. ಒಂದು ಲೀಕಿಗೆ ಸೀಸ ಇಲ್ಲದ ಸೋಲ್ಡರ್ ಹಾಕಿ ಮಿಕ್ಕಿದ್ದು 40 ಅಡಿ ಸೀಸದ ಜಾಯಿಂಟ್ ಹಾಗೇ ಬಿಟ್ರೆ ಲೀಕ್ ನಿಲ್ಲತ್ತೆ ಅಷ್ಟೇ, ಪ್ಯಾನ್ ಊಟಕ್ಕೆ ಆಗೋ ಪ್ಯಾನ್ ಆಗಲ್ಲ. ಅಂಥ ಪ್ಯಾನಿನ ಸಿರಪ್ಪನ್ನ ನಾನು ಮನೆಯವರಿಗೂ ಕೊಡಲ್ಲ, ಮಾರೋದಂತೂ ದೂರದ ಮಾತು.

ಲೋಹ ಯಾವುದು ಅಂತಾನೂ ನೋಡ್ಕೊಳ್ಳಿ. ಮ್ಯಾಗ್ನೆಟ್ ಇಟ್ಟು ನೋಡಿ, ಸಾಮಾನ್ಯವಾಗಿ ಪ್ಯಾನ್ ಮಾಡೋ 304 ಸ್ಟೇನ್‌ಲೆಸ್‌ಗೆ ಹಿಡಿಯಲ್ಲ, ಮಡಿಸಿದ ಅಂಚಲ್ಲಿ ಸ್ವಲ್ಪ ಎಳೀಬಹುದು. ಗಟ್ಟಿಯಾಗಿ ಅಂಟಿದ್ರೆ ಟಿನ್ನೋ ಗ್ಯಾಲ್ವನೈಸ್ಡೋ ಇರೋ ಸಾಧ್ಯತೆ ಜಾಸ್ತಿ. ಟಿನ್ ಪ್ಯಾನಲ್ಲಿ ತುಕ್ಕು ಹಿಡಿದು ಒಂದು ತೂತು ಬಿದ್ದಿದೆ ಅಂದ್ರೆ ಅದರ ಸುತ್ತ ತಗಡು ಕಾಗದದಷ್ಟು ಸವೆದಿರತ್ತೆ, ಒಂದು ಮುಚ್ಚಿದ್ರೆ ಮುಂದಿನ ವಾರ ಪಕ್ಕದಲ್ಲಿ ಇನ್ನೊಂದು. ಕೈ ಬಿಡಿ. ಇನ್ನು ಮುಂದೆ ಹೇಳೋದೆಲ್ಲ ಸೀಸ ಇಲ್ಲದ ಸ್ಟೇನ್‌ಲೆಸ್ ಪ್ಯಾನಿಗೆ, ಅಥವಾ ಒಂದೆರಡು ಕಡೆ ಮಾತ್ರ ಯಾರೋ ಸೀಸ ಹಾಕಿ ತೇಪೆ ಹಚ್ಚಿರೋ, ಅದನ್ನ ಪೂರ್ತಿ ತೆಗೀಬಹುದಾದ ಪ್ಯಾನಿಗೆ.

ಈಗ ಲೀಕ್ ಹುಡುಕೋದು. ಮೊದಲು ಕ್ಲೀನ್ ಮಾಡ್ಬೇಕು, ಯಾಕಂದ್ರೆ ಒಳಗೆ ಕಲ್ಲಿನಂತೆ ಕೂತಿರೋ ಶುಗರ್ ಸ್ಯಾಂಡ್, ಅದು ಮುಖ್ಯವಾಗಿ ಕ್ಯಾಲ್ಸಿಯಂ ಮ್ಯಾಲೇಟ್ ಅನ್ನೋ ಲವಣ, ಎಷ್ಟೋ ಸಲ ತೂತುಗಳನ್ನ ಮುಚ್ಕೊಂಡಿರತ್ತೆ. ಮಾರೋವಾಗ ಸೋರದ ಪ್ಯಾನ್ ತೊಳೆದ ಮೇಲೆ ಸೋರತ್ತೆ ಅಂದ್ರೆ ಮಾರಿದವರು ಮೋಸ ಮಾಡಿದ್ರು ಅಂತ ಅಂದ್ಕೊಳ್ಬೇಡಿ, ಅವರಿಗೂ ಗೊತ್ತಿಲ್ದೇ ಇರಬಹುದು. ಬಿಳಿ ವಿನೆಗರ್ ತುಂಬಿ ಕೆಲವು ದಿನ ನೆನೆಹಾಕಿ, ಪ್ಲಾಸ್ಟಿಕ್ ಸ್ಕ್ರೇಪರಲ್ಲಿ ಎಬ್ಬಿಸಿ. ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಸಿಡ್) ಮುಟ್ಬೇಡಿ, ಬ್ಲೀಚೂ ಬೇಡ, ಎರಡರಲ್ಲೂ ಇರೋ ಕ್ಲೋರಿನ್ ಅಂಶ ಸ್ಟೇನ್‌ಲೆಸ್ಸನ್ನ ಸೂಜಿ ಚುಚ್ಚಿದ ಹಾಗೆ ತಿನ್ನತ್ತೆ, ಇರೋ ಲೀಕ್ ಸಾಲದು ಅಂತ ಹೊಸದು ಮಾಡ್ಕೊಂಡ ಹಾಗಾಗತ್ತೆ.

ಆಮೇಲೆ ಪ್ಯಾನನ್ನ ಎರಡು ಮರದ ಸ್ಟ್ಯಾಂಡ್ ಮೇಲೆ ಮಟ್ಟವಾಗಿ ಇಟ್ಟು, ತಳಕ್ಕೆ ಸಾಕಷ್ಟು ಆಧಾರ ಕೊಟ್ಟು (ಒಂದು ಗ್ಯಾಲನ್ ನೀರು 8 ಪೌಂಡ್ ಮೇಲೆ ತೂಗತ್ತೆ, ತೆಳು ತಳ ಜೋತು ಬಿದ್ದು ಹೊಸ ಬಿರುಕು ಬರಬಹುದು), ಹೊರಗಿನ ತಳ ಪೂರ್ತಿ ಒಣಗಿಸಿ, ಜಾಯಿಂಟ್ ಉದ್ದಕ್ಕೂ ಸೀಮೆಸುಣ್ಣ ಗೀಚಿ, ಮೇಲೆ ನೀರು ತುಂಬಿ. ಒದ್ದೆಯಾದ ಕಡೆ ಸೀಮೆಸುಣ್ಣ ಕಪ್ಪಾಗಿ ಕಾಣತ್ತೆ. ಆದ್ರೆ ತೊಟ್ಟಿಕ್ಕೋ ಜಾಗ ಲೀಕಿನ ಜಾಗ ಅಲ್ಲ! ನೀರು ಜಾಯಿಂಟಿನ ಒಳಗೆ ಎಲ್ಲೋ ನುಗ್ಗಿ, ಮಡಿಕೆ ಒಳಗೇ ಒಂದಡಿ ಹರಿದು, ತಗ್ಗಿರೋ ಕಡೆ ಹೊರಗೆ ಬರತ್ತೆ. ಅದಕ್ಕೆ ಒಂದೇ ಸಲ ತುಂಬಿಸ್ಬೇಡಿ. ಅರ್ಧ ಇಂಚು ನೀರು ಹಾಕಿ ಹತ್ತು ನಿಮಿಷ ಕಾಯಿರಿ, ಆಮೇಲೆ ಇನ್ನರ್ಧ ಇಂಚು. ಯಾವ ಮಟ್ಟಕ್ಕೆ ಬಂದಾಗ ಜಿನುಗೋಕೆ ಶುರುವಾಯ್ತು ಅಂತ ನೋಡಿದ್ರೆ ತೂತು ತಳದಲ್ಲಾ ಗೋಡೆಲಾ ಅಂತ ಗೊತ್ತಾಗತ್ತೆ. ಪ್ಯಾನನ್ನ ಒಂದು ಪಕ್ಕಕ್ಕೆ ಸ್ವಲ್ಪ ಓರೆ ಮಾಡಿ ನೀರನ್ನ ಒಂದೊಂದೇ ಮೂಲೆಗೆ ತಂದು ನೋಡೋದು ಇನ್ನೂ ಒಳ್ಳೇದು. ತಳದ ನೇರ ತೂತಿಗೆ ಇನ್ನೊಂದು ದಾರಿ, ರಾತ್ರಿ ಕತ್ತಲಲ್ಲಿ ಖಾಲಿ ಪ್ಯಾನ್ ಕೆಳಗೆ ಜೋರಾದ ಟಾರ್ಚ್ ಹಿಡಿದು ಮೇಲಿಂದ ನೋಡೋದು, ಸೂಜಿಮೊನೆಯಷ್ಟು ತೂತೂ ನಕ್ಷತ್ರದ ಥರ ಕಾಣತ್ತೆ. ಸಿಕ್ಕ ಜಾಗನ ಒಳಗೂ ಹೊರಗೂ ಮಾರ್ಕರಲ್ಲಿ ಗುರುತು ಮಾಡಿ.

ತಣ್ಣೀರಲ್ಲಿ ಏನೂ ಕಾಣದೆ ಬಿಸಿಯಾದಾಗ ಮಾತ್ರ ಸೋರೋ ಲೀಕೂ ಇರತ್ತೆ, ಲೋಹ ಹಿಗ್ಗಿದಾಗ ಬಿರುಕು ಬಾಯಿ ಬಿಡತ್ತೆ. ಅಂಥದಕ್ಕೆ ಕುದಿಯೋ ನೀರು ಸುರಿದು ನೋಡ್ಬೇಕು.

ಪ್ಯಾನಿಗೇ ಕೈ ಹಾಕೋ ಮುಂಚೆ ಸುಲಭದ ಜಾಗಗಳನ್ನ ನೋಡಿ. ಸಿರಪ್ ತೆಗೆಯೋ ವಾಲ್ವಿನ ಥ್ರೆಡ್ಡು, ಎರಡು ಪ್ಯಾನ್ ಮಧ್ಯೆ ಇರೋ ಪೈಪು, ಅದರ ಗ್ಯಾಸ್ಕೆಟ್ಟು, ಫ್ಲೋಟ್ ಬಾಕ್ಸು (ಸ್ಯಾಪಿನ ಮಟ್ಟ ಕಾಯೋ ಡಬ್ಬಿ). ಇಲ್ಲಿ ಸೋರಿದ್ರೆ ಥ್ರೆಡ್ ಟೇಪು, ಫುಡ್ ಗ್ರೇಡ್ ಸಿಲಿಕಾನ್ ಗ್ಯಾಸ್ಕೆಟ್ಟು, ಕೆಲಸ ಮುಗೀತು. ಇನ್ನೊಂದು, ಆರ್ಚ್ ಮೇಲೆ ತಣ್ಣಗಿರೋ ಸ್ಯಾಪ್ ತುಂಬಿ ಬೆಂಕಿ ಹಚ್ಚಿದ ಮೊದಲ ಕೆಲವು ನಿಮಿಷ ತಳದಿಂದ ನೀರು ತೊಟ್ಟಿಕ್ಕತ್ತೆ, ಅದು ಲೀಕಲ್ಲ, ಸೌದೆ ಹೊಗೆಲಿರೋ ನೀರಾವಿ ತಣ್ಣಗಿರೋ ತಳಕ್ಕೆ ತಾಗಿ ಹನಿಯಾಗೋದು. ಪ್ಯಾನ್ ಬಿಸಿಯಾದ ಮೇಲೆ ನಿಂತ್ರೆ ಚಿಂತೆ ಬೇಡ. ಇದನ್ನ ಲೀಕ್ ಅಂದ್ಕೊಂಡು ಚೆನ್ನಾಗಿರೋ ಜಾಯಿಂಟನ್ನ ಬಿಚ್ಚಿದವರಿದ್ದಾರೆ.

ಈಗ ಬೆಸುಗೆ. ಬೇಕಾಗಿರೋದು ಇಷ್ಟು: ತವರ-ಬೆಳ್ಳಿ ಸೋಲ್ಡರ್ (ಸೀಸವೂ ಕ್ಯಾಡ್ಮಿಯಮ್ಮೂ ಇಲ್ಲದ್ದು, ಪೊಟ್ಟಣದ ಮೇಲೆ ಓದಿ), ಸ್ಟೇನ್‌ಲೆಸ್‌ಗೇ ಅಂತ ಇರೋ ಆಸಿಡ್ ಫ್ಲಕ್ಸ್ (ಸೋಲ್ಡರ್ ಹಿಡಿಯೋ ಹಾಗೆ ಲೋಹದ ಮೇಲಿನ ಪೊರೆ ತೆಗೆಯೋದು), ದಪ್ಪ ತಾಮ್ರದ ಮೂತಿ ಇರೋ ಸೋಲ್ಡರಿಂಗ್ ಐರನ್, ಸ್ಟೇನ್‌ಲೆಸ್ ಬ್ರಷ್, ಅಸಿಟೋನ್, ಅಡಿಗೆ ಸೋಡಾ, ಒದ್ದೆ ಬಟ್ಟೆ. ಕನ್ನಡಕ, ಗ್ಲೌಸ್, ಗಾಳಿ ಆಡೋ ಜಾಗ ಕಡ್ಡಾಯ, ಫ್ಲಕ್ಸಿನ ಹೊಗೆ ಗಂಟಲು ಹಿಡಿಯತ್ತೆ. ಎಲೆಕ್ಟ್ರಾನಿಕ್ಸ್ ಕೆಲಸದ ರೋಸಿನ್ ಫ್ಲಕ್ಸ್ ಇಲ್ಲಿ ನಡೆಯಲ್ಲ, ಸ್ಟೇನ್‌ಲೆಸ್ ಮೇಲಿರೋ ಕ್ರೋಮಿಯಂ ಆಕ್ಸೈಡ್ ಪೊರೆಯನ್ನ ಅದಕ್ಕೆ ಹರಿಯೋಕೆ ಆಗಲ್ಲ, ಸೋಲ್ಡರ್ ಕಮಲದೆಲೆ ಮೇಲಿನ ನೀರಿನ ಹಾಗೆ ಗುಂಡಗೆ ಉರುಳಿ ಹೋಗತ್ತೆ. ಎಲೆಕ್ಟ್ರಾನಿಕ್ಸಿನ ಸಣ್ಣ ಪೆನ್ನಿನಂಥ ಐರನ್ನೂ ಆಗಲ್ಲ, 200 ವ್ಯಾಟ್ ಮೇಲಿಂದು ಬೇಕು.

ಗ್ಯಾಸ್ ಟಾರ್ಚ್ ಇದೆಯಲ್ಲ ಅಂತ ಕೇಳ್ತಾರೆ. ಬೇಡ ಅಂತೀನಿ. ಸ್ಟೇನ್‌ಲೆಸ್ ಶಾಖನ ತಾಮ್ರದ ಇಪ್ಪತ್ತನೇ ಒಂದು ಭಾಗದಷ್ಟೂ ಹರಡಲ್ಲ, ಜ್ವಾಲೆ ಬಿದ್ದ ಜಾಗ ಕ್ಷಣದಲ್ಲಿ ನೀಲಿಯಾಗತ್ತೆ, ಫ್ಲಕ್ಸ್ ಸುಟ್ಟು ಕರಿ ಹಿಡಿಯತ್ತೆ, ತೆಳು ತಗಡು ಸೊಟ್ಟಗಾಗತ್ತೆ, ಅಷ್ಟರಲ್ಲಿ ಎರಡಿಂಚು ಪಕ್ಕದ ಚೆನ್ನಾಗಿದ್ದ ಜಾಯಿಂಟ್ ಬೇರೆ ಕರಗಿ ಹೋಗತ್ತೆ. ನಾನು ಮೊದಲನೇ ಪ್ಯಾನಲ್ಲಿ ಒಂದು ಮೂಲೆ ಲೀಕಿಗೆ ಟಾರ್ಚ್ ಹಿಡಿದು ಅಡ್ಡಗೋಡೆ ಜಾಯಿಂಟ್ ಅರ್ಧ ಅಡಿ ಬಿಚ್ಕೊಂಡಿತ್ತು, ಒಂದು ಗಂಟೆ ಕೆಲಸ ಎರಡು ದಿನ ಆಯ್ತು.

ಹಳೇ ಸೋಲ್ಡರ್ ಮೇಲೇ ಹೊಸದು ಕೂರಿಸೋದು ದೊಡ್ಡ ತಪ್ಪು. ಅದರೊಳಗೆ ಸಕ್ಕರೆ ಸುಟ್ಟಿದ್ದು, ಲವಣ ಎಲ್ಲ ಸೇರಿರತ್ತೆ, ಹೊಸದು ಅಂಟಲ್ಲ. ಅದು ಸೀಸದ್ದಾಗಿದ್ರೆ ಇನ್ನೂ ಕಷ್ಟ. ತವರ-ಬೆಳ್ಳಿ ಕರಗೋದು ಸುಮಾರು 430 ಡಿಗ್ರಿ ಫ್ಯಾರನ್‌ಹೀಟಿಗೆ, ಅಂದ್ರೆ 221 ಸೆಲ್ಸಿಯಸ್, ಸೀಸ-ತವರ ಮೆತ್ತಗಾಗೋಕೆ ಶುರುವಾಗೋದು 183ಕ್ಕೇ, ಎರಡೂ ಬೆರೆತ್ರೆ ಕಮ್ಮಿ ಶಾಖಕ್ಕೇ ಸಡಿಲ ಆಗೋ ಜಾಯಿಂಟ್ ಸಿಗತ್ತೆ. ಸಿರಪ್ ಕುದಿಯೋದೇ 219 ಫ್ಯಾರನ್‌ಹೀಟ್ ಅಥವಾ 104 ಸೆಲ್ಸಿಯಸ್ ಹತ್ರ, ದ್ರವ ಇರೋವರೆಗೂ ಜಾಯಿಂಟ್ ಅದರ ಆಸುಪಾಸಲ್ಲೇ ಇರತ್ತೆ, ಆದ್ರೆ ಒಂದು ಸಲ ಒಣಗಿದ್ರೆ ಆ ವ್ಯತ್ಯಾಸನೇ ಪ್ಯಾನ್ ಉಳಿಯೋದಾ ಹೋಗೋದಾ ಅಂತ ತೀರ್ಮಾನ ಮಾಡೋದು. ಹಾಗಾಗಿ ಐರನ್‌ನಿಂದ ಹಳೇದನ್ನ ಕರಗಿಸಿ, ಒರೆಸಿ ತೆಗೆದು, ಬಿಳಿ ಲೋಹ ಕಾಣೋವರೆಗೆ ಉಜ್ಜಿ. ಸೀಸ ಇದ್ರೆ ಒಣಗಿದಾಗ ಗ್ರೈಂಡರ್ ಹಿಡೀಬೇಡಿ, ಧೂಳು ಎಬ್ಬಿಸ್ಬೇಡಿ, ಒದ್ದೆ ಮಾಡಿ ಉಜ್ಜಿ, ಬಟ್ಟೆ ಬೇರೆ ಒಗೀರಿ, ಮಕ್ಕಳನ್ನ ಹತ್ರ ಬಿಡ್ಬೇಡಿ. ಕಬ್ಬಿಣದ ಬ್ರಷ್ ಉಪಯೋಗಿಸಿದ್ರೆ ಅದರ ಚೂರು ಸ್ಟೇನ್‌ಲೆಸ್ ಮೇಲೆ ಕೂತು ತುಕ್ಕು ಶುರು ಮಾಡತ್ತೆ, ಅದಕ್ಕೇ ಸ್ಟೇನ್‌ಲೆಸ್ ಬ್ರಷ್ ಅಂದಿದ್ದು.

ಆಮೇಲೆ ಒಣಗಿಸೋದು. ಇದನ್ನ ಎಲ್ರೂ ಹಾರಿಸ್ತಾರೆ, ಅರ್ಧ ರಿಪೇರಿ ಕೆಡೋದು ಇಲ್ಲೇ. ಲೀಕ್ ಹುಡುಕೋಕೆ ನೀರು ತುಂಬಿಸಿದ್ರಲ್ಲ, ಆ ನೀರು ಮಡಿಕೆ ಒಳಗೆ ಕೂತಿರತ್ತೆ. ಐರನ್ ಇಟ್ಟ ತಕ್ಷಣ ಅದು ಆವಿಯಾಗಿ ಸೋಲ್ಡರ್ ಒಳಗಿಂದ ತೂತು ಕೊರ್ಕೊಂಡು ಹೊರಗೆ ಬರತ್ತೆ, ನೋಡೋಕೆ ಚೆನ್ನಾಗಿರೋ ಬೆಸುಗೆಲಿ ಕಣ್ಣಿಗೆ ಕಾಣದ ತೂತು. ಒಂದು ದಿನ ಬಿಸಿಲಲ್ಲಿ ಅಥವಾ ಬೆಚ್ಚಗಿರೋ ಕೋಣೇಲಿ ಇಡಿ, ಆಮೇಲೆ ಹೀಟ್ ಗನ್ ಕಮ್ಮಿ ಇಟ್ಟು ಜಾಯಿಂಟ್ ಮೇಲೆ ನಿಧಾನವಾಗಿ ಆಡಿಸಿ. ಅಸಿಟೋನ್‌ನಿಂದ ಒರೆಸೋದು ಇದೆಲ್ಲ ಆಗಿ ತಣ್ಣಗಾದ ಮೇಲೆ, ಬಿಸಿ ಇರೋವಾಗ ಅಲ್ಲ, ಅದು ಭಗ್ ಅಂತ ಹತ್ಕೊಳತ್ತೆ.

ಪ್ಯಾನನ್ನ ತಿರುಗಿಸಿ ಜಾಯಿಂಟ್ ಮಲಗಿರೋ ಹಾಗೆ ಇಟ್ಕೊಳ್ಳಿ, ಗೋಡೆ ಮೇಲೆ ಬೆಸೆಯೋಕೆ ಹೋದ್ರೆ ಸೋಲ್ಡರ್ ಕೆಳಗೆ ಜಾರತ್ತೆ. ಪಕ್ಕದ ಜಾಯಿಂಟ್ ಮೇಲೆ ಒದ್ದೆ ಬಟ್ಟೆ ಹೊದಿಸಿ. ಫ್ಲಕ್ಸ್ ಹಚ್ಚಿ, ಐರನ್ ಮೂತಿಗೆ ಸ್ವಲ್ಪ ಸೋಲ್ಡರ್ ತಗೊಂಡು ಲೋಹದ ಮೇಲೆ ಒತ್ತಿ ಹಿಡೀರಿ, ಉಜ್ಜೋ ಥರ. ಮೊದಲು ಮಾಡೋದು ಕಲಾಯಿ, ಅಂದ್ರೆ ಎರಡೂ ಕಡೆ ತೆಳು ತವರದ ಪದರ ಹಿಡಿಸೋದು. ಕಲಾಯಿ ಹಿಡಿದ್ರೆ ಕನ್ನಡಿ ಥರ ಹರಡತ್ತೆ, ಹಿಡೀದಿದ್ರೆ ನಿಲ್ಸಿ, ತೊಳೆದು, ಮತ್ತೆ ಉಜ್ಜಿ, ಮತ್ತೆ ಫ್ಲಕ್ಸ್. ಬಲವಂತ ಮಾಡಿ ಪ್ರಯೋಜನ ಇಲ್ಲ. ಕಲಾಯಿ ಆದ ಮೇಲೆ ತಂತಿಯನ್ನ ಐರನ್‌ಗೆ ಅಲ್ಲ, ಬಿಸಿಯಾದ ಲೋಹಕ್ಕೆ ತಾಗಿಸಿ, ಅದು ತಾನಾಗೇ ಸಂದಿಯೊಳಗೆ ಎಳ್ಕೊಂಡು ಹೋಗತ್ತೆ. ಒಂದಿಂಚು ಮುಗಿಸಿ ಮುಂದಿನ ಇಂಚಿಗೆ ಹೋಗಿ, ಗಟ್ಟಿಯಾಗೋವರೆಗೆ ಅಲ್ಲಾಡಿಸ್ಬೇಡಿ. ಲೀಕಿನ ಎರಡೂ ಕಡೆ ಒಂದೊಂದಿಂಚು ಜಾಸ್ತಿನೇ ಬೆಸೀರಿ.

ತೂತಿಗೆ, ಬಿರುಕಿಗೆ ಬರೀ ಸೋಲ್ಡರ್ ಗುಡ್ಡೆ ಹಾಕಿದ್ರೆ ನಿಲ್ಲಲ್ಲ, ಸೋಲ್ಡರಿಗೆ ಅಂಥ ಶಕ್ತಿ ಇಲ್ಲ, ನಾಲ್ಕು ಸಲ ಕಾದು ತಣ್ಣಗಾದ್ರೆ ಬಿರಿಯತ್ತೆ. ಅದೇ ದಪ್ಪದ ಸ್ಟೇನ್‌ಲೆಸ್ ತಗಡಿನ ತೇಪೆ ಕತ್ತರಿಸಿ, ತೂತಿನಾಚೆ ಎಲ್ಲಾ ಕಡೆ ಅರ್ಧ ಇಂಚು ಬರೋ ಹಾಗೆ, ಮೂಲೆಗಳನ್ನ ದುಂಡಗೆ ಮಾಡಿ. ಬಿರುಕಾಗಿದ್ರೆ ಎರಡೂ ತುದಿಗೆ ಸಣ್ಣ ರಂಧ್ರ ಕೊರೆದ್ರೆ ಬಿರುಕು ಮುಂದೆ ಓಡಲ್ಲ. ತೇಪೆಗೂ ಪ್ಯಾನಿಗೂ ಬೇರೆ ಬೇರೆ ಕಲಾಯಿ ಮಾಡಿ, ಜೋಡಿಸಿ, ಕಡ್ಡಿಯಿಂದ ಒತ್ತಿ ಹಿಡಿದು ಅಂಚಿಂದ ಸೋಲ್ಡರ್ ಚಿಮ್ಮೋವರೆಗೆ ಬಿಸಿ ಮಾಡಿ. ತೇಪೆ ಒಳಗಡೆ ಹಾಕೋದು ನನ್ನ ಆಯ್ಕೆ. ಬೆಂಕಿ ಕಡೆ ಹಾಕಿದ್ರೆ ಜ್ವಾಲೆ ನೇರ ತೇಪೆಗೇ ಬಡಿಯತ್ತೆ, ಒಳಗಡೆ ಇದ್ರೆ ಸ್ಯಾಪ್ ಅದನ್ನ ತಣ್ಣಗಿಡತ್ತೆ, ನೀರಿನ ಭಾರವೂ ಅದನ್ನ ತಳಕ್ಕೇ ಒತ್ತತ್ತೆ.

ವೆಲ್ಡ್ ಮಾಡಿದ ಪ್ಯಾನಿನ ಜಾಯಿಂಟ್ ಬಿರುಕು ಬಿಟ್ಟಿದ್ರೆ, ಅಥವಾ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಫ್ಲೂ ಸೀಳಿದ್ರೆ ಟಿಗ್ ವೆಲ್ಡಿಂಗೇ (ಆರ್ಗಾನ್ ಗ್ಯಾಸಿನ ರಕ್ಷಣೆಲಿ ವಿದ್ಯುತ್ ಕಿಡಿಯಿಂದ ಮಾಡೋ ವೆಲ್ಡಿಂಗ್) ಸರಿ, 308ಎಲ್ ಸ್ಟೇನ್‌ಲೆಸ್ ಫಿಲ್ಲರ್ ಕಡ್ಡಿ, ಹಿಂದುಗಡೆಯಿಂದಲೂ ಆರ್ಗಾನ್. ತೆಳು ಸ್ಟೇನ್‌ಲೆಸ್ ಮಾಡಿ ಅಭ್ಯಾಸ ಇರೋರಿಗೇ ಕೊಡಿ. ಅವರಿಗೆ ಕೊಡೋ ಮುಂಚೆ ಅಲ್ಲಿ ಸೋಲ್ಡರ್ ಚೂರೂ ಇಲ್ಲ ಅಂತ ನೋಡ್ಕೊಳ್ಳಿ, ಇದ್ರೆ ವೆಲ್ಡ್ ಬಿರಿಯತ್ತೆ, ಸೀಸ ಆಗಿದ್ರೆ ಅದರ ಹೊಗೆ ಅವರ ಎದೆಗೆ ಹೋಗತ್ತೆ. ಮಧ್ಯದ ಫ್ಲೂಗಳ ನಡುವಿನ ಲೀಕಿಗೆ ಐರನ್ ತಲುಪಲ್ಲ, ಅದೂ ವೆಲ್ಡರ್ ಕೆಲಸನೇ. ಎಪಾಕ್ಸಿ, ಎಂ-ಸೀಲ್ ಥರದ್ದೆಲ್ಲ ಒಳಗೂ ಬೇಡ ಹೊರಗೂ ಬೇಡ, ಹೊರಗೆ ಸುಟ್ಟು ಹೋಗತ್ತೆ, ಒಳಗೆ ಅದು ತಿನ್ನೋ ಪದಾರ್ಥಕ್ಕೆ ತಾಗತ್ತೆ.

ಬೆಸುಗೆ ಆದ ತಕ್ಷಣ ಅಡಿಗೆ ಸೋಡಾ ಕಲಸಿದ ಬಿಸಿ ನೀರಲ್ಲಿ ನೊರೆ ನಿಲ್ಲೋವರೆಗೆ ತೊಳೀರಿ, ಆಮೇಲೆ ಬರೀ ಬಿಸಿ ನೀರಲ್ಲಿ ಎರಡು ಮೂರು ಸಲ. ಫ್ಲಕ್ಸಿನ ಆಸಿಡ್ ಉಳಿದ್ರೆ ವರ್ಷದೊಳಗೆ ಬೆಸುಗೆ ಪಕ್ಕದಲ್ಲೇ ಹೊಸ ತೂತು ಬೀಳತ್ತೆ. ನಂತರ ನೀರು ತುಂಬಿ 24 ಗಂಟೆ ಬಿಡಿ, ಕೆಳಗೆ ಮತ್ತೆ ಸೀಮೆಸುಣ್ಣ. ಒಣಗೇ ಇದ್ರೆ ಆರ್ಚ್ ಮೇಲೆ ಇಟ್ಟು ಸಣ್ಣ ಬೆಂಕಿಲಿ ಒಂದು ಗಂಟೆ ನೀರು ಕುದಿಸಿ, ಆ ನೀರು ಚೆಲ್ಲಿ. ಪ್ಯಾನ್ ಅಡಿಗೆ ಹಾಕೋ ಸೆರಾಮಿಕ್ ಫೈಬರ್ ಗ್ಯಾಸ್ಕೆಟ್ ಹಳೇದಾಗಿದ್ರೆ ಈಗಲೇ ಬದಲಿಸಿ, ಅದನ್ನ ಮುಟ್ಟೋವಾಗ ಮಾಸ್ಕ್ ಹಾಕ್ಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಸೀಸನ್ ಮಧ್ಯೆ ಕುದೀತಾ ಇರೋವಾಗ ಸೋರೋಕೆ ಶುರುವಾದ್ರೆ, ಬೆಂಕಿಗೆ ಬಿದ್ದು ಚುಂಯ್ ಅನ್ನೋ ಸದ್ದಲ್ಲೇ ಗೊತ್ತಾಗತ್ತೆ. ಗಂಟೆಗೆ ನಾಲ್ಕು ಹನಿ ಆದ್ರೆ ಮಟ್ಟ ಸ್ವಲ್ಪ ಜಾಸ್ತಿ ಇಟ್ಕೊಂಡು ಮುಂದುವರೀರಿ, ಸಕ್ಕರೆ ಸುಟ್ಟು ತಾನಾಗೇ ಕಟ್ಕೊಳೋದೂ ಉಂಟು. ಧಾರೆ ಆದ್ರೆ ಸೌದೆ ಹಾಕೋದು ನಿಲ್ಸಿ, ಆದ್ರೆ ಪ್ಯಾನ್ ಖಾಲಿ ಮಾಡೋಕೆ ಮಾತ್ರ ಹೋಗ್ಬೇಡಿ, ಸೌದೆ ಬೆಂಕಿಗೆ ಸ್ವಿಚ್ ಇಲ್ಲ, ಕೆಂಡ ಇನ್ನೂ ಒಂದು ಗಂಟೆ ಕಾಯ್ತಿರತ್ತೆ. ಕೆಂಡ ಆರೋವರೆಗೂ ಸ್ಯಾಪೋ ನೀರೋ ಸುರೀತಾನೇ ಇರಿ. ಇದಕ್ಕೇ ಅಂತ ಕುದಿಸೋ ದಿನ ಎಲ್ಲ ಶುಗರ್‌ಹೌಸ್ (ಸ್ಯಾಪ್ ಕುದಿಸೋ ಶೆಡ್) ಮೂಲೇಲಿ ನಾಲ್ಕು ಬಕೆಟ್ ನೀರು ತುಂಬಿಟ್ಟಿರಿ.